ಮುರಕಲ್ಲಿನ ರುಚಿ

ಆಟಿ ತಿಂಗಳಲ್ಲಿ ಮೊದಲು ನೋಡಿದ್ದು:
ಬೊಳ್ಳಿ ಹಟ್ಟಿಯ ಗೋಡೆ ನೆಕ್ಕುತ್ತಿದ್ದಳು.
ಎದುರಿಗೆ ಹುಲ್ಲಿನ ಹೊರೆ, ಹನಿ ಆರದ ಹಸಿರು.
ಅದನ್ನು ಬಿಟ್ಟು ಮುರಕಲ್ಲಿಗೆ ನಾಲಗೆ,
ಗರ ಗರ, ಗರ ಗರ,
ಯಾರೋ ಕತ್ತಿ ಮಸೆಯುವ ಹಾಗೆ.
ಮರುವಾರ ಹಗ್ಗದ ಮೇಲಿನ ನನ್ನ ಲಂಗಕ್ಕೆ
ಅಂಚೇ ಇರಲಿಲ್ಲ.

ಹಸಿವು ಅದಕ್ಕೆ, ಅಂದಳು ಆಚೆಮನೆ ಐರಿನ್ ಬಾಯಿ,
ತೌಡು ಹೆಚ್ಚು ಮಾಡು.
ಮಾಡಿದೆ. ಅಕ್ಕಚ್ಚಿಗೆ ಕಲಸಿ ಇಟ್ಟೆ.
ಬಾಲ್ದಿಯ ತಳ ಬೆಳ್ಳಗಾಗುವ ತನಕ ತಿಂದು
ಮತ್ತೆ ಗೋಡೆಗೆ ಹೋದಳು.

ಶಂಕರಪುರದಲ್ಲಿ ನಮಗೆ ಗಿಡದ ಲೆಕ್ಕ ಗೊತ್ತು:
ಮಲ್ಲಿಗೆಯ ಬುಡಕ್ಕೆ ಹಿಂಡಿ ಎಷ್ಟು, ಬೂದಿ ಎಷ್ಟು,
ಮೊಗ್ಗು ಸಪೂರವಾದರೆ ಯಾವುದು ಕಡಿಮೆ ಬಿತ್ತೆಂದು
ಕತ್ತಲಲ್ಲಿ ಬೆರಳೇ ಹೇಳುತ್ತದೆ.
ಹಿಂಡಿಯ ಚೀಲ ಬಿಚ್ಚುವುದು ತೋಟದಲ್ಲಿ,
ಕೊಡವಿದ ಹುಡಿ ಹಟ್ಟಿಗೆ.

ಸುಣ್ಣ ಬೇಕೇನೋ ಅಂದುಕೊಂಡೆ.
ಗಬ್ಬದ ಹಸು, ಒಳಗೆ ಕರು, ಕರುವಿಗೆ ಎಲುಬು.
ಉಡುಪಿಗೆ ಹೋಗಿ ಕ್ಯಾಲ್ಸಿಯಂ ಡಬ್ಬ ತಂದೆ.
ಎರಡು ತಿಂಗಳು, ದಿನಾ ಒಂದು ಗೊಟ್ಟ,
ಕೆಲವೊಮ್ಮೆ ಎರಡು.
ಪ್ರೀತಿಗೆ ಯಾರಾದರೂ ಅಳತೆ ಹಿಡಿಯುತ್ತಾರಾ?

ನವರಾತ್ರಿಯ ಹೊತ್ತಿಗೆ ಹೆತ್ತಳು. ಹೆಣ್ಣು ಕರು.
ಮರುರಾತ್ರಿ ಏಳಲಿಲ್ಲ.
ಕುತ್ತಿಗೆ ಹೊಟ್ಟೆಯ ಕಡೆ ಮಡಚಿತ್ತು,
ಕಿವಿ ಮುಟ್ಟಿದರೆ ಬಾವಿಹಗ್ಗದ ತಂಪು,
ಮೂತಿ ಒಣಗಿದ ಹುಣಸೆ ಸಿಪ್ಪೆ.
ಕೆಚ್ಚಲು ಮಾತ್ರ ಬಿಗಿದು ತುಂಬಿತ್ತು,
ಮೈಯ ಸುಣ್ಣವೆಲ್ಲ ಅಲ್ಲಿಗೇ ಇಳಿದಿತ್ತು.

ವನಮಾಲಾ ಡಾಕ್ಟ್ರು ಸ್ಕೂಟರಿನಲ್ಲಿ ಬಂದರು,
ರೈನ್‌ಕೋಟಿನೊಳಗೆ ನೈಟಿ.
ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಗೆದು
ಕುತ್ತಿಗೆಯ ನರಕ್ಕೆ ಸೂಜಿ.
ಎತ್ತಿ ಹಿಡಿಯಿರಿ, ಅಂದರು. ಮೆಲ್ಲ.
ಓಡಿಸಿದರೆ ಎದೆ ನಿಲ್ಲುತ್ತದೆ.
ಅವರು ಅವಳ ಎದೆಗೆ ಕೊಳವೆ ಇಟ್ಟು ಕೇಳಿದರು,
ನಾನು ನನ್ನದನ್ನು ಕೊಳವೆಯಿಲ್ಲದೆ ಕೇಳಿದೆ.

ಅರ್ಧ ಬಾಟಲಿಗೆ ಒಂದು ತೇಗು.
ತೊಡೆ ನಡುಗಿತು.
ಆಮೇಲೆ ಸಗಣಿ, ಬಿಸಿಬಿಸಿ,
ಸಗಣಿ ಕಂಡು ಅತ್ತವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.
ಮೂತಿಯ ಮೇಲೆ ಹನಿ ಮೂಡಿದವು, ಒಂದೊಂದೇ,
ನಸುಕಿಗೆ ಕೊಯ್ಯಲು ಹೋದಾಗ
ಮೊಗ್ಗಿನ ಮೇಲೆ ಇರುತ್ತದಲ್ಲ, ಹಾಗೆ.

ಕೈ ತೊಳೆಯುವಾಗ ಅವರಿಗೆ ಡಬ್ಬ ಕಂಡಿತು.
ಇದನ್ನು ಹೆರುವ ಮುಂಚೆ ಕೊಟ್ಟಿರಾ ಮಾರಾಯ್ರೆ?
ಬಾಯಿಂದ ದಿನಾ ಬರುತ್ತಿದ್ದರೆ
ಮೂಳೆ ಬೀಗ ಹಾಕಿ ಮಲಗುತ್ತದೆ.
ಹಾಲಿಳಿಯುವ ದಿನ ಬಾಗಿಲು ಬಡಿದರೂ ಏಳುವುದಿಲ್ಲ.
ಹೆತ್ತ ಮೇಲೆ ಕೊಡಿ. ಆಗ ಬೇಕು, ತುಂಬ ಬೇಕು.

ಹಾಗಾದರೆ ಗೋಡೆ?

ಅದು ಉಪ್ಪಿಗೆ. ಲಂಗ ತಿಂದದ್ದು ರಂಜಕಕ್ಕೆ.
ಈ ಮಳೆ ನೆಲದ ಸತ್ವವನ್ನೆಲ್ಲ ತೊಳೆದು
ಕಡಲಿಗೆ ಒಯ್ಯುತ್ತದೆ.
ನಿಮ್ಮ ಹುಲ್ಲು ಹಸಿರೇ. ಆದರೆ ಹೆಚ್ಚಾಗಿ ನೀರು.

ಅವರು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ:
ಪಾಂಗಾಳ ಹೊಳೆಯ ಮರುವಾಯಿ
ಬೆನ್ನಿಗೆ ಕಟ್ಟಿಕೊಂಡ ಚಿಪ್ಪು
ನಮ್ಮ ಗುಡ್ಡೆಯದೇ ಸುಣ್ಣ ಇರಬಹುದು.
ಪೇಟೆಯಲ್ಲಿ ನಾನು ದುಡ್ಡು ಕೊಟ್ಟು ತಂದದ್ದು
ನಮ್ಮ ಅಂಗಳದಿಂದಲೇ ಹರಿದು ಹೋದದ್ದು.

ಈಗ ತೌಡಿಗೆ ಖನಿಜದ ಹುಡಿ, ಚಮಚದಲ್ಲಿ ಅಳೆದು.
ಕಲ್ಲುಪ್ಪು. ರಾತ್ರಿಗೂ ಒಂದು ಬಾಲ್ದಿ ನೀರು,
ಹಾಲು ಅಂದರೆ ಮುಕ್ಕಾಲಿಗಿಂತ ಹೆಚ್ಚು ಅದೇ ತಾನೆ.
ಹಿಂಡಿಯ ಚೀಲ ಹಟ್ಟಿಯಲ್ಲಿ ಬಿಚ್ಚುತ್ತೇನೆ,
ಮಲ್ಲಿಗೆ ಸ್ವಲ್ಪ ಮುನಿಸಿಕೊಂಡಿದೆ.

ನಾಲಗೆ ಕೊರೆದ ತಗ್ಗು ಗೋಡೆಯಲ್ಲಿ ಹಾಗೇ ಇದೆ,
ಅಂಗೈ ಅಗಲ, ನುಣುಪು.
ಗಾರೆ ಮೆತ್ತಲು ಬಂದ ದೂಮಣ್ಣನಿಗೆ
ಅದೊಂದನ್ನು ಬಿಡು ಅಂದೆ.
ಯಾರೂ ಇಲ್ಲದ ಮಧ್ಯಾಹ್ನ ಬೆರಳು ಉಜ್ಜಿ
ನಾಲಗೆಗೆ ಇಟ್ಟು ನೋಡಿದೆ.
ತುಕ್ಕು. ಮಳೆ. ಉಪ್ಪಿಲ್ಲ.
ಅವಳು ಅಷ್ಟು ದಿನ ಹುಡುಕಿದ್ದು
ಅಲ್ಲಿಯೂ ಇರಲಿಲ್ಲ.